ಹೈವೇಕ್ಕ ಸಾಲ ಬಂತು, ಹೊಲದ ದಾರಿಗೆ ಯಾರು? ಹೊರದೇಶದ ನೆರವು ಮತ್ತ ನಮ್ಮ ಮೂರು ಜಿಲ್ಲಾ

ಮೋಟೆಬೆನ್ನೂರ ಕ್ರಾಸ್

ಎಲ್ಲಾರಿಗೂ ಶರಣು. ಬಾಳ ದಿನದಿಂದ ತಲಿಯೊಳಗ ಕುಂತ ವಿಷಯ ಇದು, ಇವತ್ತ ಬರದ ಬಿಡ್ತೀನಿ. ಉದ್ದ ಆದ್ರ ಹೊಟ್ಟಿಯೊಳಗ ಹಾಕ್ಕೋರಿ.

ನಮ್ಮದು ಹಾವೇರಿ ಜಿಲ್ಲಾದ ಮೋಟೆಬೆನ್ನೂರ ಹತ್ರ ನಾಕ ಎಕರೆ ಎರಿ ಹೊಲ. ಮೆಣಸಿನಕಾಯಿ, ಗೋವಿನಜೋಳ. ಹೊಲದಿಂದ ಹೈವೇ ಒಂದೂವರಿ ಕಿಲೋಮೀಟರ್. ಹೈವೇ ಮುಟ್ಟಿದ್ರ ಬ್ಯಾಡಗಿ ಮಾರ್ಕೆಟ್ಟು ಕೂಗಳತಿ ದೂರ. ಈ ಹೈವೇ ಅಗಲ ಮಾಡೂ ಮುಂದ ನಾನು ಏಳನೇ ಇಯತ್ತೆ. ಹಳದಿ ಮಷೀನು ನೋಡಾಕ ಸಾಲಿ ಬಿಟ್ಟು ಓಡಿ ಹೋಗಿದ್ವಿ. ಆ ರೊಕ್ಕ ಎಲ್ಲಿಂದ ಬಂತು ಅನ್ನೂದು ಗೊತ್ತಾಗಿದ್ದು ಡಿಗ್ರಿ ಓದೂ ಮುಂದ: ತುಮಕೂರಿಂದ ಹಾವೇರಿ ತನಕ ಸುಮಾರು 259 ಕಿಲೋಮೀಟರ್ ನಾಕ ಲೇನ್ ಮಾಡಾಕ 2001ರಾಗ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 240 ಮಿಲಿಯನ್ ಡಾಲರ್ ಸಾಲ ಕೊಟ್ಟಿತ್ತು. ಮನಿಲಾದಾಗಿನ ಬ್ಯಾಂಕಿನ ರೊಕ್ಕ ನಮ್ಮೂರ ಮುಂದಿನ ಡಾಂಬರ ಆಗಿತ್ತು.

ಒಳ್ಳೇದ ಆತು, ಇಲ್ಲ ಅನ್ನಂಗಿಲ್ಲ. ಆದ್ರ ಹೋದ ಜನವರಿಯೊಳಗ ಅಡ್ಡ ಮಳಿ ಬಂತು. ಬುಧವಾರ ರಾತ್ರಿ ಮೂವತ್ತ ಚೀಲ ಕಡ್ಡಿ ಮೆಣಸಿನಕಾಯಿ ಟ್ರ್ಯಾಕ್ಟರ್‌ಗೆ ಏರಿಸಿದ್ವಿ, ಗುರುವಾರದ ಟೆಂಡರ್ ಹಿಡೀಬೇಕಂತ. ಹೊಲದ ದಾರ್ಯಾಗ ಒಂದ ಸೀಡಿ (ಹಳ್ಳದ ನೀರು ಹಾಯೂ ಸಣ್ಣ ಮೋರಿ) ಐತಿ, ಒಡದ ಮೂರು ವರ್ಷ ಆತು. ಅಲ್ಲಿ ಹಿಂದಿನ ಗಾಲಿ ಇಳೀತು. ಎರಿ ಮಣ್ಣು ನಿಮಗ ಗೊತ್ತೈತಿ, ಹಿಡದ್ರ ಬಿಡಂಗಿಲ್ಲ. ಅಪ್ಪ, ನಾನು, ತಮ್ಮ ಮೂವರೂ ಕತ್ತಲದಾಗ ಚೀಲ ಇಳಿಸಿ, ಹೆಗಲ ಮ್ಯಾಲ ಹೊತ್ತು ಆಚಿ ದಂಡಿಗೆ ಹಾಕಿದ್ವಿ. ತಾಡಪತ್ರಿ ಸಾಲಲಿಲ್ಲ, ಎಂಟ ಚೀಲ ತೊಯ್ದು. ಮಾರ್ಕೆಟ್ ಮುಟ್ಟೂದ್ರಾಗ ಟೆಂಡರ್ ಮುಗದಿತ್ತು. ಸೋಮವಾರ ತನಕ ದಲಾಲಿ ಅಂಗಡ್ಯಾಗ ಇಟ್ವಿ. ತೊಯ್ದ ಕಾಯಿ ಬಣ್ಣ ಬಿಟ್ಟಿತ್ತು. ಬ್ಯಾಡಗಿ ಕಾಯಿಗೆ ರೇಟ್ ಬರೂದ ಬಣ್ಣಕ್ಕ, ಖಾರಕ್ಕಲ್ಲ. ಅಪ್ಪ ಆ ಎಂಟ ಚೀಲದ ಮುಂದ ಕುಂತು ಒಂದೊಂದ ಕಾಯಿ ಆರಿಸಿ ತಗದದ್ದು ಇನ್ನೂ ಕಣ್ಣಾಗ ಐತಿ.

240 ಮಿಲಿಯನ್ ಡಾಲರ್ ನಮ್ಮಿಂದ ಒಂದೂವರಿ ಕಿಲೋಮೀಟರ್ ದೂರದಾಗ ನಿಂತ ಬಿಡ್ತು. ಹೊರಗಿನ ನೆರವಿನಿಂದ ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಏನ ಬಂತು, ಬಂದದ್ರಾಗ ಏನ ಉಳೀತು? ಪೇಪರ್‌ನಾಗ ಓದಿದ್ದಕ್ಕಿಂತ ನೀವು ಕಂಡಿದ್ದು ಹೇಳ್ರಿ.

ನವಲೂರ ಪೇರಲ

ನಮ್ಮ ಕಡೆ ಬಂದದ್ದು ಚಿಗರಿ ಬಸ್ಸು. ಹುಬ್ಬಳ್ಳಿ–ಧಾರವಾಡ ನಡುವಿನ 22 ಕಿಲೋಮೀಟರ್ ಬಿಆರ್‌ಟಿಎಸ್‌ಗೆ, ಅಂದ್ರ ಬಸ್ಸಿಗೇ ಬ್ಯಾರೆ ಪಥ ಇರೂ ವ್ಯವಸ್ಥಾಕ್ಕ, ವಿಶ್ವಬ್ಯಾಂಕಿನ ಸಾಲ ಐತಿ. 2018ರ ಅಕ್ಟೋಬರ್‌ದಾಗ ಬಸ್ ಓಡಾಕ ಶುರು ಆತು, 2020ರ ಫೆಬ್ರವರಿ 2ಕ್ಕ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದ್ರು.

ನನ್ನ ಮಗಳು ದಿನಾ ಅದ್ರಾಗ ಕಾಲೇಜಿಗೆ ಹೋಗ್ತಾಳ. ಮೊದಲ ಹುಬ್ಬಳ್ಳಿಯೊಳಗ ಬಸ್ಸಿನ ಬಾಗಲಾ ಹಿಡದು ಜೋತಾಡಿ ಬರೂ ಮುಂದ ನನ್ನ ಜೀವ ಬಾಯಾಗ ಬರ್ತಿತ್ತು. ಈಗ ಆ ಚಿಂತಿ ಇಲ್ಲ. ಸ್ಟೇಷನ್ನಿನ ಕಟ್ಟಿ, ಬಸ್ಸಿನ ನೆಲ ಎರಡೂ ಸಮ. ವಯಸ್ಸಾದವ್ರು ಮೆಟ್ಟಲಾ ಏರೂ ಕೆಲಸ ಇಲ್ಲ. ಇದು ಖರೇನ ದೊಡ್ಡ ಉಪಕಾರ.

ಆದ್ರ ನಮ್ಮವ್ವ ರಸ್ತಿ ದಂಡಿಗೆ ಬುಟ್ಟಿ ಇಟ್ಕೊಂಡು ಪೇರಲಹಣ್ಣ ಮಾರ್ತಿದ್ಲು. ರಸ್ತಿ ಅಗಲ ಆದಮ್ಯಾಲ ಬುಟ್ಟಿ ಇಡೂ ಜಾಗಾ ಹೋತು, ಗಾಡಿ ನಿಲ್ಲಿಸಿ ಹಣ್ಣ ತಗೊಳ್ಳಾವ್ರೂ ಹೋದ್ರು. ಸ್ಟೇಷನ್ ರಸ್ತಿ ನಡುವ ಐತಿ. ತಲಿ ಮ್ಯಾಲ ಬುಟ್ಟಿ ಹೊತ್ತು ಆ ರಸ್ತಿ ದಾಟೂದು ಎಪ್ಪತ್ತ ವರ್ಷದ ಮುದುಕಿಗೆ ಆಗಂಗಿಲ್ಲ. ಮಗಳಿಗೆ ಹಾದಿ ತೆರೀತು, ಅವ್ವಗ ಮುಚ್ಚಿತು. ಎರಡೂ ಒಂದ ಮನ್ಯಾಗ.

ನಿವೃತ್ತ ಇಂಜಿನಿಯರ್, ಧಾರವಾಡ

ಮೋಟೆಬೆನ್ನೂರಿನ ತಮ್ಮಾ, ನಿನ್ನ ಎಂಟು ಚೀಲದ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಮೂವತ್ತು ವರ್ಷ ಇಂಥ ಕೆಲಸಗಳಲ್ಲೇ ಇದ್ದವನು ನಾನು.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಎಲ್ಲದಕ್ಕೂ ನಾವು 'ನೆರವು' ಅನ್ನುತ್ತೇವೆ. ಬಹುಪಾಲು ಅದು ಸಾಲ, ಬಡ್ಡಿ ಸಮೇತ ತೀರಿಸಬೇಕು. ಚಿಗರಿ ಯೋಜನೆ ಒಳಗೊಂಡಿದ್ದ ಕೇಂದ್ರದ ನಗರ ಸಾರಿಗೆ ಯೋಜನೆಗೆ ವಿಶ್ವಬ್ಯಾಂಕ್ ಕೊಟ್ಟದ್ದು ಸಾಲ, ಅದರ ಜೊತೆ ಜಾಗತಿಕ ಪರಿಸರ ನಿಧಿ ಕೊಟ್ಟದ್ದು ಮಾತ್ರ ಅನುದಾನ. ಆ ಅನುದಾನ ಸಾಲದ ಮುಂದೆ ಸಣ್ಣದು.

ಇನ್ನು ಹೊಲದ ದಾರಿ. ಸಾಲದ ಒಪ್ಪಂದದಲ್ಲಿ ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರ್ ತನಕ ಅನ್ನುವುದು ಮೊದಲೇ ನಿಂತಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ರಾಜ್ಯ ಹೆದ್ದಾರಿ ಲೋಕೋಪಯೋಗಿಯದು, ಊರ ರಸ್ತೆ ಜಿಲ್ಲಾ ಪಂಚಾಯತಿಯದು, ಹೊಲದ ದಾರಿ ಗ್ರಾಮ ಪಂಚಾಯತಿಯದು. ಒಂದರ ದುಡ್ಡು ಇನ್ನೊಂದರ ಗಡಿ ದಾಟುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ರೈತರು ಬಂದು, ಮುಖ್ಯ ರಸ್ತೆ ಎತ್ತರ ಮಾಡಿದ್ದರಿಂದ ತಮ್ಮ ಬಂಡಿ ದಾರಿ ತಗ್ಗಿನಲ್ಲಿ ಉಳಿಯಿತು, ಹತ್ತು ಮೀಟರ್ ಇಳಿಜಾರು ಹಾಕಿಕೊಡಿ ಅಂತ ಕೈಮುಗಿದರು. ಗುತ್ತಿಗೆದಾರ ಎಸ್ಟಿಮೇಟಿನಲ್ಲಿ ಇಲ್ಲ ಅಂದ. ನಾನೂ ಅದನ್ನೇ ಹೇಳಿ ಕಳಿಸಿದೆ. ಅವತ್ತು ಎರಡು ಟಿಪ್ಪರ್ ಗರ್ಸು ಹಾಕಿಸಿದ್ದರೆ ಆಗುತ್ತಿತ್ತು. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ರಾಣೇಬೆನ್ನೂರ ಹುಡುಗ

ಹಂಗಾದ್ರ ಈ ಸಾಲ ಯಾಕ ಬೇಕ್ರಿ? ನಮ್ಮ ರೊಕ್ಕದಾಗ ನಾವ ಮಾಡ್ಕೊಂಡ್ರ ಯಾರ ಮಾತೂ ಕೇಳೂದಿಲ್ಲ. ಬಾಂಗ್ಲಾದೇಶದವ್ರು ಪದ್ಮಾ ಸೇತುವಿ ತಮ್ಮ ರೊಕ್ಕದಾಗ ಕಟ್ಟಲಿಲ್ಲೇನು?

ಅರ್ಥಶಾಸ್ತ್ರ ಮಾಸ್ತರ, ಗದಗ

ತಮ್ಮಾ, ಪದ್ಮಾ ಸೇತುವೆಯ ಕಥೆ ಪೂರ್ತಿ ನೋಡು. ವಿಶ್ವಬ್ಯಾಂಕ್ 1.2 ಬಿಲಿಯನ್ ಡಾಲರ್ ಕೊಡುವುದಿತ್ತು. ಭ್ರಷ್ಟಾಚಾರದ ಆರೋಪ ಬಂದು 2012ರಲ್ಲಿ ಹಿಂದೆ ಸರಿಯಿತು. ಅದಕ್ಕೆ ಸಂಬಂಧಿಸಿ ಕೆನಡಾದಲ್ಲಿ ನಡೆದ ಮೊಕದ್ದಮೆ 2017ರಲ್ಲಿ ಬಿದ್ದುಹೋಯಿತು, ಆರೋಪಿಗಳು ಖುಲಾಸೆಯಾದರು. ಬಾಂಗ್ಲಾದೇಶ ತನ್ನ ದುಡ್ಡಿನಲ್ಲೇ 6.15 ಕಿಲೋಮೀಟರ್ ಸೇತುವೆ ಮುಗಿಸಿ 2022ರ ಜೂನ್ 25ಕ್ಕೆ ತೆರೆಯಿತು. ಹೆಮ್ಮೆಯ ಕೆಲಸವೇ. ಆದರೆ ಹತ್ತು ವರ್ಷ ನದಿಯ ಆಚೆಯ ಜಿಲ್ಲೆಗಳ ಜನ ದೋಣಿ, ಫೆರ್ರಿ ನಂಬಿ ಕಾದರು. ಸಾಲ ಬಿಟ್ಟರೆ ಕಾಯುವ ಬೆಲೆ ಕೊಡಬೇಕು, ತೊಗೊಂಡರೆ ಬಡ್ಡಿಯ ಬೆಲೆ.

ಸಾಲದ ಹೊರೆಯ ಲೆಕ್ಕ ನಮ್ಮ ಕಡೆಯ ಉದಾಹರಣೆಯಿಂದಲೇ ಹೇಳುತ್ತೇನೆ. 2005ರಿಂದ ನಮ್ಮಂಥ ರಾಜ್ಯಗಳಿಗೆ ಹೊರಗಿನ ಸಾಲವನ್ನು ಕೇಂದ್ರ ಯಾವ ಷರತ್ತಿನಲ್ಲಿ ಪಡೆಯುತ್ತದೋ ಅದೇ ಷರತ್ತಿನಲ್ಲಿ ದಾಟಿಸುತ್ತದೆ. ಡಾಲರ್ ಏರಿದರೆ ಆ ಹೊರೆ ರಾಜ್ಯದ್ದು. ಹುಬ್ಬಳ್ಳಿ–ಧಾರವಾಡದ ಇಡೀ ಊರಿಗೆ 24 ತಾಸು ನೀರು ಕೊಡಲು 2016ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ಸಾಲ 100 ಮಿಲಿಯನ್ ಡಾಲರ್. ಆಗ ಡಾಲರಿಗೆ ಸುಮಾರು 67 ರೂಪಾಯಿ, ಅಂದರೆ 670 ಕೋಟಿ. 2024ರಲ್ಲಿ ಡಾಲರ್ 83 ದಾಟಿತು. ಅಸಲು ಒಂದು ಡಾಲರೂ ಹೆಚ್ಚಾಗದೆ 830 ಕೋಟಿ ಆಯಿತು. ಕೆಲಸ ತಡವಾದರೆ ಇನ್ನೊಂದು ಖರ್ಚು: ಮಂಜೂರಾಗಿಯೂ ಎತ್ತಿಕೊಳ್ಳದ ಹಣದ ಮೇಲೆ ಕಮಿಟ್‌ಮೆಂಟ್ ಚಾರ್ಜ್ ಕಟ್ಟಬೇಕು.

ಆದರೂ ಸಾಲ ಬೇಡ ಅನ್ನುವ ಪೈಕಿ ನಾನಲ್ಲ. ಇಷ್ಟು ದೀರ್ಘ ಅವಧಿಗೆ ನಮ್ಮ ಮಾರುಕಟ್ಟೆಯಲ್ಲಿ ಸಾಲ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ಹೆಚ್ಚು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನ್ ಕೊಟ್ಟದ್ದು 50 ವರ್ಷದ ಅವಧಿ, ಶೇಕಡಾ 0.1ರ ಬಡ್ಡಿ. ನಾವು ಕೇಳಬೇಕಾದ್ದು ಏನೆಂದರೆ, ಆ 670 ಕೋಟಿಯಲ್ಲಿ ಯಾರ ಮನೆಯ ನಲ್ಲಿಯ ತನಕ ನೀರು ಬರುತ್ತದೆ ಅಂತ.

ಬೆಟಗೇರಿ ಮಗ್ಗ

ಮಾಸ್ತರ್ರ, ನೀವು ಗದಗದವ್ರಾಗಿ ಹುಬ್ಬಳ್ಳಿ ನೀರಿನ ಮಾತು ಹೇಳಿದ್ರಿ, ನಮ್ಮೂರದು ಬಿಟ್ರಿ. ಎಡಿಬಿ, ಅಂದ್ರ ಅದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ, 270 ಮಿಲಿಯನ್ ಡಾಲರಿನ ಉತ್ತರ ಕರ್ನಾಟಕ ನಗರ ಯೋಜನಾದಾಗ 25 ಊರು ಇದ್ದು, ಗದಗ-ಬೆಟಗೇರಿ, ಹಾವೇರಿ, ರಾಣೇಬೆನ್ನೂರ ಎಲ್ಲಾ ಅದ್ರಾಗ. ನಮ್ಮ ಓಣ್ಯಾಗೂ ಪೈಪ್ ಹಾಕಿದ್ರು, ಮೀಟರ್ ಕೂಡ್ಸಿದ್ರು. ನೀಲಿ ಪೈಪ್ ನೋಡಿ ನಮ್ಮತ್ತಿ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡದ್ಲು.

ಹೋದ ಬ್ಯಾಸಗಿಯೊಳಗ ಹನ್ನೆರಡು ದಿನಕ್ಕೊಮ್ಮೆ ನೀರು ಬಂತು. ಹಮ್ಮಿಗಿಯಿಂದ ತುಂಗಭದ್ರಾ ನೀರು ಬರೂ ದೊಡ್ಡ ಪೈಪ್ ದಾರ್ಯಾಗ ಒಡೀತಿತ್ತು. ನೀರು ಬರೂ ದಿನ ಮಗ್ಗ ನಿಲ್ಲಸ್ತೀನಿ, ಯಾಕಂದ್ರ ನಸುಕಿನ ಮೂರಕ್ಕ ಬಂದ್ರೂ ಏಳಬೇಕು. ಬ್ಯಾರಲ್, ಕೊಡ, ಹಂಡೆ, ಬಕೀಟು, ಅಡಗಿ ಮನಿ ತಪೇಲಿ ಎಲ್ಲಾ ತುಂಬಸ್ಬೇಕು. ಒಂದ ದಿನ ಮಗ್ಗ ನಿಂತ್ರ ಒಂದ ದಿನದ ಕೂಲಿ ಹೋತು. ಇದನ್ನ ಯಾವ ಸಾಲದ ಲೆಕ್ಕದಾಗ ಬರೀತಾರ ನನಗ ಗೊತ್ತಿಲ್ಲ. ಓಣಿ ಪೈಪ್ ಹೊಸಾದು, ಊರಿಗೆ ನೀರು ತರೂ ಪೈಪ್ ಹಳೇದು. ಹೊಸ ಕೊಡಕ್ಕ ಹರಕ ಹಗ್ಗಾ ಕಟ್ಟಿದಂಗ.

ನಿವೃತ್ತ ಇಂಜಿನಿಯರ್, ಧಾರವಾಡ

ಅಕ್ಕಾರ, ನಿಮ್ಮ ಮಾತು ತಾಂತ್ರಿಕವಾಗಿಯೂ ಸರಿ.

ಹುಬ್ಬಳ್ಳಿ–ಧಾರವಾಡದಲ್ಲಿ ಆದದ್ದು ಹೇಳುತ್ತೇನೆ, ಹೋಲಿಸಿ ನೋಡಿ. 2004ರಲ್ಲಿ ವಿಶ್ವಬ್ಯಾಂಕ್ 39.5 ಮಿಲಿಯನ್ ಡಾಲರ್ ಸಾಲ ಮಂಜೂರು ಮಾಡಿತು: ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ 24 ತಾಸು ನೀರು ಕೊಟ್ಟು ತೋರಿಸುವುದಕ್ಕೆ. ಅದೇ ಸಾಲದಲ್ಲಿ ಮಲಪ್ರಭೆಯಿಂದ ಬರುವ ಮುಖ್ಯ ವ್ಯವಸ್ಥೆಯನ್ನೂ ಗಟ್ಟಿ ಮಾಡಿದರು. 2008ರ ಹೊತ್ತಿಗೆ ಆ ವಾರ್ಡುಗಳಲ್ಲಿ ನಲ್ಲಿ ತಿರುವಿದಾಗ ನೀರು. ಜನ ನಂಬಲಿಲ್ಲ. ಒಬ್ಬ ಅಜ್ಜಿ ಆರು ತಿಂಗಳು ಬ್ಯಾರಲ್ ತುಂಬಿಸಿ ಇಡುವುದು ಬಿಡಲಿಲ್ಲ, ನಾನೇ ನೋಡಿದ್ದೇನೆ.

ನೀರು ಬಿಟ್ಟು ಬಿಟ್ಟು ಬಂದರೆ ಆಗುವ ಕೆಡುಕು ತೊಂದರೆಯಷ್ಟೇ ಅಲ್ಲ. ಪೈಪ್ ಖಾಲಿಯಾದಾಗ ಒಳಗೆ ಒತ್ತಡ ಇರುವುದಿಲ್ಲ, ಗಟಾರದ ಪಕ್ಕದ ಸಣ್ಣ ಬಿರುಕಿನಿಂದ ಹೊಲಸು ನೀರು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡ ಅದೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ನಮ್ಮ ಊರಲ್ಲೇ ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿ 2015ರಲ್ಲಿ ಅಧ್ಯಯನ ಪ್ರಕಟಿಸಿತು. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಸದಾ ನೀರಿದ್ದ ಕಡೆ ಟೈಫಾಯ್ಡ್ ಬಂದ ಮನೆಗಳು ಕಡಿಮೆ, ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿ ಕಡಿಮೆ. ಈ ಲಾಭ ಬಡವರಿಗೆ ಸಿಕ್ಕಿತು ಅನ್ನುವುದು ನನಗೆ ದೊಡ್ಡ ಸಮಾಧಾನ.

ಆಮೇಲೆ? ಪಕ್ಕದ ಓಣಿಯಲ್ಲಿ ಸದಾ ನೀರು, ಈ ಓಣಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ. ಇಡೀ ಊರಿಗೆ ಹಬ್ಬಿಸುವ ಸಾಲ ಬರಲು ಎಂಟು ವರ್ಷ ಹಿಡಿಯಿತು. ಮಾದರಿ ಮಾಡಿ ತೋರಿಸುವುದಕ್ಕೆ ದುಡ್ಡು ಬೇಗ ಬರುತ್ತದೆ, ಹಬ್ಬಿಸುವುದಕ್ಕೆ ಬರುವುದಿಲ್ಲ.

ಹಳೇ ಹುಬ್ಬಳ್ಳಿ ಲಾರಿ

ಎಲ್ಲಾರೂ ಊರ ಒಳಗಿನ ಮಾತ ಹೇಳ್ಲಿಕತ್ತೀರಿ. ನಾ ದೇಶದ ದಂಡಿ ಮಾತು ಹೇಳ್ತೀನಿ.

ಎರಡು ವರ್ಷದ ಹಿಂದ ಬ್ಯಾಡಗಿ ಕೋಲ್ಡ್ ಸ್ಟೋರೇಜಿಂದ ಮೆಣಸಿನಕಾಯಿ ಲೋಡ್ ಮಾಡಿ ಬಾಂಗ್ಲಾ ಗಡಿಗೆ ಗಾಡಿ ತಗೊಂಡು ಹೋದ್ವಿ, ನಾನು ಮತ್ತ ನನ್ನ ಅಳಿಯ. ಎರಡು ಸಾವಿರ ಕಿಲೋಮೀಟರ್ ಮ್ಯಾಲ. ಐದು ದಿನಕ್ಕ ಮುಟ್ಟಿದ್ವಿ, ರಸ್ತಿ ಅಷ್ಟ ಚಲೋ. ಗಡಿ ಹತ್ರ ಪಾಳಿಯೊಳಗ ನಿಂತದ್ದು ಹನ್ನೊಂದು ದಿನ. ಗಾಡಿ ಕೆಳಗ ಸ್ಟೋ ಹಚ್ಚಿ ಅನ್ನಾ ಮಾಡ್ಕೊಂಡು, ಟಯರ್ ಪಕ್ಕದಾಗ ಮಲಗಿ. ಪಾಳಿ ಮುಂದ ಹಾಕ್ತೀವಿ ಅಂತ ರೊಕ್ಕ ಕೇಳಾವ್ರು ಬ್ಯಾರೆ. ಅಳಿಯಗ ಜ್ವರ ಬಂತು. ಕೊನಿಗೆ ಆಚಿ ಕಡೆ ಹೋಗಿ ಮಾಲು ಇಳಿಸಿ ಬಂದ್ವಿ, ಅಲ್ಲಿಂದ ಅವರ ಗಾಡಿ ತಗೊಂಡು ಹೋತು. ಹಾಲ್ಟಿಂಗ್ ಅಂತ ಸಿಕ್ಕದ್ದು ಡೀಸೆಲ್ಲಿಗೂ ಸಾಲಲಿಲ್ಲ.

ನಮ್ಮ ಮೋಟೆಬೆನ್ನೂರ ತಮ್ಮಗ ಒಂದೂವರಿ ಕಿಲೋಮೀಟರ್ ಅಡ್ಡ ಆತು. ನಮಗ ಅರ್ಧಾ ಕಿಲೋಮೀಟರ್.

ಅರ್ಥಶಾಸ್ತ್ರ ಮಾಸ್ತರ, ಗದಗ

ಕಾಕಾರ, ನಿಮ್ಮ ಈ ಹನ್ನೊಂದು ದಿನ ನನ್ನ ಇಡೀ ಒಂದು ತಾಸಿನ ಪಾಠಕ್ಕಿಂತ ಹೆಚ್ಚು ಹೇಳುತ್ತದೆ. ಬೆಟಗೇರಿ ಅಕ್ಕಾರು ಕ್ಷಮಿಸಬೇಕು, ನಮ್ಮೂರ ನೀರು ಬಿಟ್ಟದ್ದು ನನ್ನ ತಪ್ಪು.

ನೀವು ನಿಂತ ಆ ಅರ್ಧ ಕಿಲೋಮೀಟರಿಗಾಗಿಯೇ ಒಂದು ವ್ಯವಸ್ಥೆ ಇದೆ. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್ ಸೇರಿ ಎಡಿಬಿಯ ಬೆಂಬಲದಿಂದ 2001ರಲ್ಲಿ ಸಾಸೆಕ್ (ದಕ್ಷಿಣ ಏಷ್ಯಾ ಉಪಪ್ರಾದೇಶಿಕ ಆರ್ಥಿಕ ಸಹಕಾರ) ಅನ್ನುವ ವ್ಯವಸ್ಥೆ ಶುರು ಮಾಡಿದವು. 2014ರಲ್ಲಿ ಶ್ರೀಲಂಕಾ, ಮಾಲ್ಡೀವ್ಸ್, 2017ರಲ್ಲಿ ಮ್ಯಾನ್ಮಾರ್ ಸೇರಿದವು. ಗಡಿಗೆ ಹೋಗುವ ರಸ್ತೆ, ರೈಲು, ಕಸ್ಟಮ್ಸ್ ಕಾಗದಪತ್ರ, ಇವೇ ಅದರ ಕೆಲಸ. ಪಶ್ಚಿಮ ಬಂಗಾಳದಲ್ಲಿ ಬಾಂಗ್ಲಾ ಗಡಿಯ ಪೆಟ್ರಾಪೋಲ್‌ನಲ್ಲಿ ನಮ್ಮ ಸರ್ಕಾರ 2016ರಲ್ಲಿ ದೊಡ್ಡ ಚೆಕ್‌ಪೋಸ್ಟ್ ಸಂಕೀರ್ಣ ತೆರೆಯಿತು. ಒಂದು ದೇಶದ ಲಾರಿ ಇನ್ನೊಂದು ದೇಶದ ಒಳಗೆ ನೇರ ಹೋಗಲಿ ಅಂತ 2015ರ ಜೂನ್ 15ಕ್ಕೆ ಥಿಂಪುವಿನಲ್ಲಿ ನಾಲ್ಕು ದೇಶ ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನದ ಸಂಸತ್ತು ಒಪ್ಪಲಿಲ್ಲ. ಸಣ್ಣ ದೇಶ, ಹೊರಗಿನ ಲಾರಿಗಳ ಹೊಗೆಗೆ, ದಟ್ಟಣೆಗೆ ಹೆದರಿತು. ಅವರ ಹೆದರಿಕೆಯೂ ಸುಳ್ಳಲ್ಲ.

ಸಾಲ ಕೊಟ್ಟು ಸೇತುವೆ ಕಟ್ಟಿಸಬಹುದು. ಎರಡು ಕಡೆಯ ಕಸ್ಟಮ್ಸ್ ಕಚೇರಿಗಳು ಒಂದೇ ಕಾಗದ ನಂಬುವಂತೆ ಮಾಡಲು ಎಷ್ಟು ಡಾಲರ್ ಕೊಟ್ಟರೂ ಸಾಲದು, ಅದಕ್ಕೆ ಬೇರೆಯೇ ಮನಸ್ಸು ಬೇಕು. ಮನಸ್ಸು ಮಾಡಿದ ಕಡೆ ಆಗಿದೆ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಪೆಟ್ರೋಲಿಯಂ ಪೈಪು 2019ರಿಂದ ನಡೆಯುತ್ತಿದೆ. ಹೀಗೆ ಭಾರತವೇ ನೆರೆಯ ದೇಶಕ್ಕೆ ಕೊಡುವ ಕಡೆ ನಿಂತಾಗ, ಆ ಕಡೆಯ ಹಳ್ಳಿಯ ಕೊನೆಯ ದಾರಿಯನ್ನು ನಾವು ಕೇಳುತ್ತೇವೆಯೇ ಅನ್ನುವುದು ನನಗೆ ಇರುವ ಪ್ರಶ್ನೆ.

ಚಹಾ ಅಂಗಡಿ ಮಗ

ಒಂದ ಒಳ್ಳೆ ಮಾತು ಸೇರಸ್ತೀನಿ. ನಮ್ಮಪ್ಪಂದು ರಸ್ತಿ ಬದಿ ಗೂಡಂಗಡಿ, ಉತಾರ ಇಲ್ಲ, ಪಟ್ಟಾ ಇಲ್ಲ. ರಸ್ತಿ ಅಗಲ ಮಾಡೂ ಮುಂದ ಅಂಗಡಿ ಹೋಗೂದು ಖಾತ್ರಿ ಆತು. ಜೆಸಿಬಿ ಬಂದು ಕೆಡವತೈತಿ ಅಂತ ಅಪ್ಪ ಎರಡು ರಾತ್ರಿ ನಿದ್ದಿ ಮಾಡಲಿಲ್ಲ. ಆದ್ರ ಸಾಲ ಕೊಟ್ಟವರ ನಿಯಮದಾಗ ಜಾಗಾ ತಮ್ಮದಲ್ಲದವ್ರಿಗೂ, ಬದುಕು ಹೋದ್ರ ನೆರವು ಕೊಡಬೇಕು ಅಂತಿತ್ತು. ಒಬ್ರು ಮೇಡಂ ಬಂದು ಫೋಟೋ ತಗದು, ಅಂಗಡ್ಯಾಗಿನ ಸಾಮಾನು ಪಟ್ಟಿ ಮಾಡಿ, ಅಪ್ಪನ ಸಹಿ ತಗೊಂಡ್ರು. ಹಣ ಬಾಳ ಇರ್ಲಿಲ್ಲ. ಆದ್ರ ಸರ್ಕಾರಿ ಕಾಗದದಾಗ ನಮ್ಮಪ್ಪನ ಹೆಸರು ಬಂದದ್ದು ಅದ ಮೊದಲು. ಆ ಚೀಟಿ ಇನ್ನೂ ದೇವರ ಜಗಲಿ ಮ್ಯಾಲ ಐತಿ.

ನವಲೂರ ಪೇರಲ

ನಮ್ಮವ್ವಗ ಯಾರೂ ಹಿಂಗ ಬಂದು ಕೇಳಲಿಲ್ಲಪ್ಪಾ. ಬುಟ್ಟಿ ಅಂಗಡಿ ಅಲ್ಲ ಅಂತಿರ್ಬೇಕು.

ಕೆರಿ ದಂಡಿ, ಹಿರೇಕೆರೂರ ತಾಲೂಕ

ನಮ್ಮ ಹಾವೇರಿ ಜಿಲ್ಲಾದಾಗ ಕೆರಿ ಎಷ್ಟ ಅದಾವ ಎಲ್ಲಾರಿಗೂ ಗೊತ್ತು. 2002ರಾಗ ವಿಶ್ವಬ್ಯಾಂಕಿನ ಸಾಲದಾಗ ಕೆರಿ ಅಭಿವೃದ್ಧಿ ಯೋಜನಾ ಬಂತು, ಜಲ ಸಂವರ್ಧನೆ ಅಂತ. ಊರವ್ರ ಕೆರಿ ಬಳಕೆದಾರರ ಸಂಘ ಮಾಡ್ಕೋಬೇಕು, ತಮ್ಮ ಪಾಲಿನ ವಂತಿಗಿ ಹಾಕಬೇಕು ಅನ್ನೂದು ಅದರ ಕಟ್ಟಳಿ. ನಾನು ಸಂಘದ ಖಜಾಂಚಿ ಇದ್ದೆ.

ಏರಿ ಗಟ್ಟಿ ಮಾಡಿದ್ವಿ, ತೂಬು ಹೊಸಾದು ಹಾಕಿದ್ವಿ, ಹೂಳ ತಗದು ಹೊಲಕ್ಕ ಹಾಕ್ಕೊಂಡ್ವಿ. ಆ ಎರಡು ವರ್ಷ ಊರಾಗ ಜಾತ್ರಿ ಇದ್ದಂಗಿತ್ತು. ಯೋಜನಾ ಮುಗೀತು, ಆಫೀಸಿನವ್ರು ಹೋದ್ರು, ಸಂಘದ ಸಭಾ ನಿಂತ್ವು. ಈಗ ತೂಬಿನ ಬಾಗಲಾ ತುಕ್ಕ ಹಿಡದು ಕುಂತೈತಿ. ವರ್ಷಕ್ಕ ಒಂದ ಡಬ್ಬಿ ಗ್ರೀಸ್ ಹಾಕಿದ್ರ ಸಾಕಿತ್ತು. ಅದಕ್ಕ ವಾಷಿಂಗ್ಟನ್ನಿಂದ ಯಾರೂ ಬರಬೇಕಿರ್ಲಿಲ್ಲ, ನಾವ ಹಾಕಬೇಕಿತ್ತು. ಖಜಾಂಚಿಯಾಗಿ ನಾ ಹಾಕಸ್ಬೇಕಿತ್ತು.

ಗದಗ ಮಾಸ್ತರ್ರಿಗೆ ಗೊತ್ತೈತಿ, 1905ರಾಗ ಕಣಗಿನಹಾಳದಾಗ ರೈತರ ಸಹಕಾರಿ ಸಂಘ ಹುಟ್ಟಿತು, ದೇಶಕ್ಕ ಮೊದಲ ಅಂತ ಹೇಳ್ತಾರ. ಊರವ್ರು ರೊಕ್ಕ ಕೂಡ್ಸಿ ಊರವ್ರಿಗೆ ಸಾಲ ಕೊಟ್ಟ ನೆಲ ಇದು. ನಮಗ ಗ್ರೀಸ್ ಡಬ್ಬಿಗೆ ರೊಕ್ಕ ಕೂಡ್ಸಾಕ ಆಗಲಿಲ್ಲ ಅನ್ನೂದು ನನಗ ಬಾಳ ಸಂಕಟದ ಮಾತು.

ರಾಣೇಬೆನ್ನೂರ ಹುಡುಗ

ಕಾಕಾರ, ಬರೂ ರವಿವಾರ ನಾವು ನಾಕ ಮಂದಿ ಬರ್ತೀವಿ. ತೂಬಿನ ಬಾಗಲಾ ಬಿಚ್ಚಾಕ ಏನೇನು ಸಾಮಾನು ಬೇಕು ಹೇಳ್ರಿ.

ಕೆರಿ ದಂಡಿ, ಹಿರೇಕೆರೂರ ತಾಲೂಕ

ಬಾರಪ್ಪಾ. ದೊಡ್ಡ ಪಾನಾ, ಸೀಮೆಎಣ್ಣಿ, ಒಂದ ಹಾರಿ. ರೊಟ್ಟಿ ನಮ್ಮನ್ಯಾಗ.

ಮೋಟೆಬೆನ್ನೂರ ಕ್ರಾಸ್

ಎಲ್ಲಾರ ಮಾತೂ ಅಪ್ಪಗ ಓದಿ ಹೇಳಿದೆ. ಕೆರಿ ಕಾಕಾರ ಮಾತಿಗೆ ಅಪ್ಪ ಬಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲ, ಆ ಸೀಡಿ ಒಡದು ಮೂರು ವರ್ಷ ಆತು, ನಾವು ಒಂದ ಸಲನೂ ಪಂಚಾಯ್ತಿಗೆ ಬರದ ಕೊಟ್ಟಿಲ್ಲ ಅಂದ.

ನಿನ್ನೆ ಪಂಚಾಯ್ತಿ ಮೆಂಬರ್ ಕರಕೊಂಡು ಹೋಗಿ ಟೇಪ್ ಹಿಡದು ಅಳದ್ವಿ. ಆ ದಾರಿಗೆ ಹದಿನಾಕ ಮನಿಯವ್ರ ಹೊಲ ಅದಾವ. ಹನ್ನೊಂದು ಮಂದಿ ಸಹಿ ಹಾಕ್ಯಾರ. ಉದ್ಯೋಗ ಖಾತ್ರಿಯೊಳಗ 'ನಮ್ಮ ಹೊಲ ನಮ್ಮ ದಾರಿ' ಅಂತ ಕೆಲಸ ಹಿಡೀತಾರ, ಗ್ರಾಮಸಭಾದಾಗ ಹೆಸರು ಬರಸ್ಬೇಕು ಅಂದ್ರು ಮೆಂಬರ್. ಅರ್ಜಿ ಬರದೀವಿ. ಇಂಜಿನಿಯರ್ ಸಾಹೇಬ್ರ, ಸೀಡಿಗೆ ಎಷ್ಟ ಸೈಜಿನ ಪೈಪ್ ಅಂತ ಬರೀಬೇಕ್ರಿ? ದಾರಿ ಅಗಲ ಹನ್ನೆರಡು ಫೂಟು.

ನಿವೃತ್ತ ಇಂಜಿನಿಯರ್, ಧಾರವಾಡ

ದಾರಿಯ ಅಗಲ ಸಾಲದು, ನೀರಿನ ಎತ್ತರ ಬೇಕು. ಹಳ್ಳದ ದಂಡೆಯ ಜಾಲಿ ಗಿಡದ ಬುಡದಲ್ಲಿ ಮಳೆಗಾಲದ ಕಸ ಸಿಕ್ಕಿಕೊಂಡ ಗುರುತು ಇರುತ್ತದೆ. ಹಳ್ಳದ ತಳದಿಂದ ಆ ಗುರುತಿನ ತನಕ ಅಳೆದು ಕಳಿಸು. ಒಂದು ಫೋಟೋ ಮೇಲ್ಗಡೆಯಿಂದ, ಒಂದು ಕೆಳಗಡೆಯಿಂದ. ಎಸ್ಟಿಮೇಟ್ ನಾನೇ ಬರೆದು ಕೊಡುತ್ತೇನೆ. ಇಳಿಜಾರು ಬೇಕಿದ್ದರೆ ಅದನ್ನೂ ಸೇರಿಸುತ್ತೇನೆ.

ಮೋಟೆಬೆನ್ನೂರ ಕ್ರಾಸ್

ಗುರುತು ಐತ್ರಿ ಸರ್, ನನ್ನ ಮೊಣಕಾಲ ಮ್ಯಾಲ ಒಂದ ಗೇಣ. ನಾಳೆ ಮುಂಜಾನೆ ಟೇಪ್ ಹಿಡದು ಸರಿಯಾಗಿ ಅಳದು ಹಾಕ್ತೀನಿ.